ಅಷ್ಟಮಿಗೆ ಹೊರಟ ಹಿಮಯಾತ್ರೆ

ಕೊಡೆ ಹುಡುಕಲು ಹೋದವಳಿಗೆ ಮಂಗನ ಟೋಪಿ ಸಿಕ್ಕಿತು. ಕೌಲಾಲಂಪುರದಿಂದ ಎರಡು ಗಂಟೆ ದಾರಿಯ ಈ ಮೆಲಾಕಾದ ಮಳೆಗೆ ಹೊತ್ತುಗೊತ್ತಿಲ್ಲ. ಬೆಳಿಗ್ಗೆ ಬೆವರಿಳಿಸಿದ ಆಕಾಶವೇ ಮಧ್ಯಾಹ್ನ ತಲೆಯ ಮೇಲೆ ಕೊಡಪಾನ ಮಗುಚುತ್ತದೆ. ಹಾಗೆಂದು ಕಪಾಟಿನ ತಳಕ್ಕೆ ಕೈ ಹಾಕಿದರೆ ಕಂದು ಬಣ್ಣದ, ಕಣ್ಣು ಮೂಗಿಗೆ ಮಾತ್ರ ಕಿಂಡಿ ಬಿಟ್ಟ, ನುಸಿಗುಳಿಗೆಯ ವಾಸನೆಯ ಆ ಉಣ್ಣೆಯ ಟೋಪಿ ಬೆರಳಿಗೆ ತಾಗಿತು. ವರ್ಷವಿಡೀ ಫ್ಯಾನು ನಿಲ್ಲದ ಮನೆಯಲ್ಲಿ ಇದು ಯಾಕೆ ಎಂದು ನೀವು ಕೇಳಬಹುದು. ಕೇಳಿ. ಹೇಳಬೇಕೆಂದೇ ನಾನು ಕೊಡೆಯನ್ನು ಮರೆತು ಮಂಚದ ಮೇಲೆ ಕೂತಿದ್ದೇನೆ.

ಟೋಪಿ ನನ್ನ ಅಮ್ಮನದು. ಅಮ್ಮ ಕುಂದಾಪುರದವಳು. ವರ್ಷಕ್ಕೊಮ್ಮೆ ಬಂದು ನಮ್ಮ ಜೊತೆ ಕೆಲವು ತಿಂಗಳು ಇರುತ್ತಾಳೆ. ನಾನು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪಾಠ ಮಾಡುವವಳು. ಗಂಡ ಸುಧೀರ ಧಾರವಾಡದವನು, ಕೌಲಾಲಂಪುರದ ಬಳಿ ಸೈಬರ್‌ಜಯಾದ ಒಂದು ಕಂಪನಿಯಲ್ಲಿ ಕೆಲಸ. ಸೋಮವಾರ ಕಾರು ಹತ್ತಿದರೆ ಶುಕ್ರವಾರ ಇಳಿಯುತ್ತಾನೆ. ಮಗಳು ಧೃತಿಗೆ ಹನ್ನೊಂದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬೈದರಂತೂ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅಮ್ಮ ಗಂಗೊಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಭೂಗೋಳ ಕಲಿಸಿದಳು. ನಮ್ಮ ಮನೆ ಹೊಳೆಯ ಈಚೆ, ಶಾಲೆ ಆಚೆ. ದಿನಾ ದೋಣಿ ದಾಟಿ ಹೋಗುವುದು, ದೋಣಿ ದಾಟಿ ಬರುವುದು. ಕಡಲೆಂದರೇನು, ಉಬ್ಬರವೆಂದರೇನು, ಮಳೆಗಾಲದ ಮೋಡ ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನೆಲ್ಲ ಕಿಟಕಿಯಿಂದ ಕೈ ತೋರಿಸಿ ಹೇಳಬಹುದಿತ್ತು. ಹಿಮದ ಪಾಠ ಬಂದಾಗ ಮಾತ್ರ ಫಜೀತಿ. ಗಂಗೊಳ್ಳಿಯ ಮಕ್ಕಳಿಗೆ ಹಿಮ ತೋರಿಸುವುದು ಹೇಗೆ? ಅಮ್ಮ ಇಡೀ ಏಳನೇ ಕ್ಲಾಸನ್ನು ಸಾಲಾಗಿ ನಡೆಸಿಕೊಂಡು ಬಂದರಿನ ಐಸ್ ಪ್ಲಾಂಟಿಗೆ ಹೋಗುತ್ತಿದ್ದಳು. ಆಳೆತ್ತರದ ಮಂಜುಗಡ್ಡೆಗಳು ಮರದ ಜಾರುಹಲಗೆಯ ಮೇಲಿಂದ ಸರ್ರನೆ ದೋಣಿಗೆ ಇಳಿಯುವುದನ್ನು ತೋರಿಸಿ, “ಇದೇ ಮಕ್ಕಳೇ ಹಿಮನದಿ. ಇದಕ್ಕಿಂತ ಸ್ವಲ್ಪ ದೊಡ್ಡದು” ಎನ್ನುತ್ತಿದ್ದಳು. ನಾನೂ ಒಮ್ಮೆ ಆ ಸಾಲಿನಲ್ಲಿದ್ದೆ. ಬಹಳ ವರ್ಷ ನನ್ನ ಮಟ್ಟಿಗೆ ಹಿಮಾಲಯಕ್ಕೆ ಬಂಗುಡೆಯ ವಾಸನೆ ಇತ್ತು.

ಕಲಿಸಿದ್ದು ಅಷ್ಟು ವರ್ಷ, ಕಂಡದ್ದು ಒಮ್ಮೆಯೂ ಇಲ್ಲ. ಇದು ಅಮ್ಮನ ಮನಸ್ಸಿನಲ್ಲಿ ಮುಳ್ಳಾಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಕಳೆದ ವರ್ಷ ಅವಳ ಎರಡೂ ಮೊಣಕಾಲು ಸವೆದು, ಊರಿಗೆ ಹೋದ ಮೇಲೆ ಆಪರೇಷನ್ ಎಂದು ನಿಶ್ಚಯವಾಯಿತು. ಆಗ ಒಂದು ದಿನ ಸೊಪ್ಪು ಬಿಡಿಸುತ್ತ ಕೂತವಳು ತಲೆಯೆತ್ತದೆ ಹೇಳಿದಳು.

“ಕಾಲು ಕೊಯ್ಯುವ ಮೊದಲು ಒಮ್ಮೆ ಹಿಮದ ಮೇಲೆ ಜಾರ್ಬೇಕು ಅಂತ ಉಂಟು ಮಾರಾಯ್ತಿ. ನೋಡುದಲ್ಲ. ಜಾರುದು.”

ಧೃತಿ ಕೈಯಲ್ಲಿದ್ದ ಮೊಬೈಲು ಕೆಳಗಿಟ್ಟಳು. “ಅಜ್ಜಿ, ಯು ವಾಂಟ್ ಟು ಸ್ಕೀ? ಸೀರಿಯಸ್ ಆ?”

“ಹೌದು. ಎಂತ, ಅಜ್ಜಿಯಂದಿರು ಜಾರ್ಬಾರ್ದಾ?”

ನಾನು ಮೂಳೆ ಡಾಕ್ಟರ್ ಲಿಮ್ ಅವರಲ್ಲಿ ಕೇಳಿದೆ. ನಮ್ಮದೇ ಆಸ್ಪತ್ರೆಯವರು, ಮಾತು ಕಡಿಮೆ. ಅಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡೇ ವಾಕ್ಯ ಹೇಳಿದರು. “ಸ್ನೋ, ಕ್ಯಾನ್. ಕ್ರೌಡ್, ಕೆನಾಟ್.” ಹಿಮದ ಮೇಲೆ ಯಾರಾದರೂ ಬಂದು ಒಮ್ಮೆ ಗುದ್ದಿದರೆ ಆ ಮೊಣಕಾಲಿನ ಕತೆ ಮುಗಿಯಿತು ಎಂದು ಅದರ ಅರ್ಥ. ಹೀಗಾಗಿ ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ. ಆಪರೇಷನ್ನಿನ ಮೊದಲು, ಜನವಿಲ್ಲದ ಒಂದು ಹಿಮದ ಗುಡ್ಡವನ್ನು ಅಮ್ಮನಿಗೆ ಹುಡುಕಿ ಕೊಡುವುದು.

ಜನರಿಲ್ಲದ ಹೊತ್ತು ಹುಡುಕುವುದರಲ್ಲಿ ನಾನು ಬಲು ಜಾಣೆ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡಿದ್ದೆ. ಆ ಬಿರುದು ಮಣ್ಣುಪಾಲಾದ ಕತೆಯನ್ನೂ ಹೇಳಿಬಿಡುತ್ತೇನೆ. ದೂರದ ಹಿಮಕ್ಕೆ ಹೋಗುವ ಮುಂಚೆ ಒಂದು ತಾಲೀಮು ಇರಲಿ ಎಂದು, ಇಲ್ಲಿಯದೇ ಮಾಲ್ ಒಂದರೊಳಗಿನ ಹಿಮಮನೆಗೆ ಅಮ್ಮನನ್ನು ಕರೆದುಕೊಂಡು ಹೋದೆ. ದಿನ ಆರಿಸಿದ್ದು ನಾನೇ: ಚೀನೀಯರ ಹೊಸ ವರ್ಷದ ಎರಡನೆಯ ದಿನ. ನನ್ನ ತರ್ಕ ಕೇಳಿ. ಚೌತಿಯ ಮಧ್ಯಾಹ್ನ ನಮ್ಮ ಕುಂದಾಪುರದ ಪೇಟೆಯಲ್ಲಿ ಕಾಗೆಯೂ ಕಾಣುವುದಿಲ್ಲ. ಎಲ್ಲರೂ ಮನೆಯಲ್ಲಿ ಕಡುಬು ತಿಂದು ಮಲಗಿರುತ್ತಾರೆ. ಹಬ್ಬವೆಂದರೆ ಮನೆ, ಮನೆಯೆಂದರೆ ಊಟ, ಊಟವೆಂದರೆ ನಿದ್ದೆ. ಆದ್ದರಿಂದ ಇವರೂ ಮಲಗಿರುತ್ತಾರೆ.

ಇವರು ಮಲಗಿರಲಿಲ್ಲ. ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಹೊಸ ಕೆಂಪು ಬಟ್ಟೆ ತೊಟ್ಟು ಇಡೀ ಸಂಸಾರ ಸಮೇತ ಆ ಹಿಮಮನೆಯಲ್ಲೇ ಇದ್ದರು. ಹಿಮವಿತ್ತೋ ಇಲ್ಲವೋ ಹೇಳಲಾರೆ, ನೆಲ ಕಂಡರಲ್ಲವೇ ಹೇಳುವುದು! ರಬ್ಬರಿನ ಬಳೆಯ ಮೇಲೆ ಜಾರಿ ಬಂದ ಗುಂಡು ಮಗುವೊಂದು ಸೀದಾ ಅಮ್ಮನ ಮೊಣಕಾಲಿಗೆ ಬಂದು ನಿಂತಿತು. ಮಗುವಿನ ಅಜ್ಜಿ ಹತ್ತು ಸಲ ಕ್ಷಮೆ ಕೇಳಿ ಎರಡು ಕಿತ್ತಳೆ ಹಣ್ಣು ಕೊಟ್ಟರು. ಅಮ್ಮ ಒಂದು ವಾರ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಳು. ಒಂದೇ ಒಂದು ಮಾತು ಬೈಯಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆಮೇಲೆ ನಾನು ಹಟಕ್ಕೆ ಬಿದ್ದೆ, ಆಪರೇಷನ್ನನ್ನೂ ಒಂದು ವರ್ಷ ಮುಂದೂಡಿಸಿದೆ. ಹಿಮಕ್ಕೆ ಜಪಾನಿನ ಹೊಕ್ಕೈಡೋ ಎಂದು ತೀರ್ಮಾನಿಸಿ, ಮುಂದಿನ ಚಳಿಗಾಲಕ್ಕೆಂದು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟು ತೆರೆದೆ. ಧೃತಿಯ ಶಾಲೆಯ ರಜೆ ಹಳದಿ. ಸಿಂಗಪುರದ ರಜೆ ಹಸಿರು. ಆಸ್ಟ್ರೇಲಿಯಾದವರ ಬೇಸಿಗೆ ರಜೆ ನೀಲಿ, ಯಾಕೆಂದರೆ ಅವರಿಗೆ ಸೆಕೆಯಾದಾಗ ಹೊಕ್ಕೈಡೋ ತುಂಬುತ್ತದೆ. ಚೀನೀ ಹೊಸ ವರ್ಷ ಕೆಂಪು, ಜಪಾನಿನ ಸ್ವಂತ ರಜೆಗಳು ಗುಲಾಬಿ. ಊರಿಗೆ ಹೋದ ಅಮ್ಮ ಮತ್ತೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮನೆ ಪಕ್ಕದ ಮಾಮಾಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಪರೋಟದಂಥ ರೋಟಿ ಚನಾಯ್ ಮುರಿಯುತ್ತ ಲ್ಯಾಪ್‌ಟಾಪನ್ನು ಹೆಮ್ಮೆಯಿಂದ ಎಲ್ಲರ ಮುಂದೆ ತಿರುಗಿಸಿದೆ.

ಸುಧೀರ ಬಗ್ಗಿ ನೋಡಿದ. “ಇದು ಟೂರ್ ಪ್ಲಾನ್ ಏನು, ದಂಡಯಾತ್ರಿ ಏನು? ಒಂದರೆ ಖಾಲಿ ಮನಿ ಐತೇನು ಇದರಾಗ?”

ಇರಲಿಲ್ಲ. ಶೀಟು ಹೋಳಿಯಾಡಿದ ಅಂಗಿಯಾಗಿತ್ತು. ನಾನು ಮಾಡಿದ ತಪ್ಪು ಈಗ ಯೋಚಿಸಿದರೆ ನಗು ಬರುತ್ತದೆ. ಪ್ರವಾಸವೆಂದರೆ ರಜೆಯಲ್ಲೇ ಹೋಗುವುದು ಎಂದು ತಿಳಿದು, ರಜೆಗಳ ನಡುವೆಯೇ ಜನವಿಲ್ಲದ ದಿನ ಹುಡುಕುತ್ತಿದ್ದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ನುಗ್ಗಿ ಖಾಲಿ ಎಲೆ ಹುಡುಕುವವರನ್ನು ನೀವು ನೋಡಿರಬಹುದು. ನಾನು ಅದೇ ಜಾತಿ.

ಅಮ್ಮ ಕನ್ನಡಕ ಏರಿಸಿ ಬಣ್ಣಗಳನ್ನೆಲ್ಲ ನೋಡಿದಳು. ಮನೆಗೆ ಬಂದ ಮೇಲೆ ಫ್ರಿಜ್ಜಿನ ಪಕ್ಕ ಮೊಳೆಗೆ ನೇತು ಹಾಕಿದ್ದ ಪಂಚಾಂಗ ತೆಗೆದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಊರಿನಿಂದ ಬರುವಾಗ ಕುಚ್ಚಲಕ್ಕಿ, ಹಪ್ಪಳ, ಪಂಚಾಂಗ ಇವು ಮೂರೂ ಅವಳ ಚೀಲದಲ್ಲಿ ಇದ್ದೇ ಇರುತ್ತವೆ.

“ಅಮ್ಮಾ, ಮುಹೂರ್ತ ಎಲ್ಲ ಬೇಡ” ಎಂದೆ. ವಿಜ್ಞಾನ ಕಲಿಸುವವಳ ಮರ್ಯಾದೆಯ ಪ್ರಶ್ನೆ.

“ಮುಹೂರ್ತ ಯಾರಿಗೆ ಬೇಕು? ನಾನು ಇದರಲ್ಲಿ ಮುಹೂರ್ತ ನೋಡಿದ್ದು ನಿನ್ನ ಮದುವೆಗೆ ಮಾತ್ರ. ಬಾಕಿ ದಿನ ಎಲ್ಲ ನೀರು ನೋಡಿದ್ದು.”

ಅದು ನಿಜ. ದೋಣಿ ದಾಟಬೇಕಾದವಳಿಗೆ ತಿಥಿ ಗೊತ್ತಿರಲೇಬೇಕು. ಅಮಾವಾಸ್ಯೆ ಹುಣ್ಣಿಮೆಗೆ ಹೊಳೆ ಉಬ್ಬಿ ದೋಣಿ ಕುಣಿಯುತ್ತದೆ, ಅಷ್ಟಮಿಗೆ ನೀರು ಸುಮ್ಮನಿರುತ್ತದೆ. ಇನ್‌ಸ್ಪೆಕ್ಟರ್ ಬರುವ ದಿನ ಅಮ್ಮ ಮೊದಲು ತಿಥಿ ನೋಡಿ ಆಮೇಲೆ ಸೀರೆ ಆರಿಸುತ್ತಿದ್ದಳು.

“ಈಗ ನೋಡು” ಎಂದು ಕ್ಲಾಸು ಶುರು ಮಾಡಿದಳು. “ದೀಪಾವಳಿ ಯಾವಾಗ? ಅಮಾವಾಸ್ಯೆಗೆ. ಈ ಚೀನೀಯರ ಹೊಸ ವರ್ಷ? ಅಮಾವಾಸ್ಯೆಗೆ ಶುರು, ಹದಿನೈದು ದಿನ ಗೌಜಿ, ಹುಣ್ಣಿಮೆಗೆ ಮುಗೀತದೆ. ತಮಿಳರ ತೈಪೂಸಂ ಹುಣ್ಣಿಮೆಗೆ. ನಿನ್ನ ಕಾಲೇಜಿನ ಫರೀದಾಳ ಈದ್ ಹಬ್ಬ, ಅಮಾವಾಸ್ಯೆ ಕಳೆದು ಚಂದ್ರ ಕಂಡ್ರೆ. ಈ ದೇಶದಲ್ಲಿ ಜನ ಹೊಳೆಯ ನೀರಿನ ಹಾಗೆ, ಚಂದ್ರನ ಲೆಕ್ಕದಲ್ಲಿ ಉಬ್ಬುದು. ನೀನು ಸೂರ್ಯನ ಕ್ಯಾಲೆಂಡರಿಗೆ ಬಣ್ಣ ಬಳಿತಾ ಕೂತಿದ್ದಿ.”

ನಾನು ಎಕ್ಸೆಲ್ ಶೀಟು ಮುಚ್ಚಿದೆ. ಅಮ್ಮ ಬೆರಳಿನಿಂದ ತೋರಿಸಿದ್ದು ಫಾಲ್ಗುಣ ಬಹುಳ. ಚೀನೀಯರ ಹದಿನೈದು ದಿನ ಮುಗಿದಿರುತ್ತದೆ. ಫರೀದಾಳ ಹಬ್ಬಕ್ಕೆ ಇನ್ನೂ ಚಂದ್ರ ಕಾಣಬೇಕು, ಅವರಿಗೆ ಉಪವಾಸದ ತಿಂಗಳು, ಯಾರೂ ಊರು ಬಿಡುವುದಿಲ್ಲ. ಆಸ್ಟ್ರೇಲಿಯಾದ ಮಕ್ಕಳು ಶಾಲೆಗೆ ಮರಳಿರುತ್ತಾರೆ. ನಾನು ಹುಡುಕಿ ನೋಡಿದೆ, ಜಪಾನಿನ ಮಕ್ಕಳಿಗೆ ಆಗ ವರ್ಷದ ಕೊನೆಯ ಪಾಠಗಳು. ಹೊಕ್ಕೈಡೋದಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ಅದರಲ್ಲೂ ಅಷ್ಟಮಿ, ಬುಧವಾರ.

“ಅಷ್ಟಮಿಗೆ ಹೊರಡುವ” ಎಂದಳು ಅಮ್ಮ. “ಜನ ಸುಮ್ಮನಿರ್ತಾರೆ.”

ಉಳಿದದ್ದು ರಜೆ. ನಮ್ಮ ವಿಭಾಗದಲ್ಲಿ ಒಂದು ರೂಢಿಯಿದೆ. ಯಾರ ಹಬ್ಬವೋ ಅವರಿಗೆ ರಜೆ, ಉಳಿದವರು ಅವರ ಪಾಠ ಹೊರುತ್ತಾರೆ. ಫರೀದಾಳ ಈದಿಗೆ ನಾನು, ನನ್ನ ದೀಪಾವಳಿಗೆ ಫರೀದಾ. ಆದರೆ ಹಬ್ಬವೇ ಅಲ್ಲದ ಬುಧವಾರಕ್ಕೆ ಯಾವ ಮುಖದಿಂದ ಕೇಳುವುದು? ನಾನು ತಡವರಿಸುತ್ತ ಅಮ್ಮನ ಮೊಣಕಾಲಿನ ಕತೆ ಹೇಳಿದೆ. ಫರೀದಾ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಪಾಠ ನನಗೆ ಕೊಡು ಲಾ” ಎಂದಳು, ಇಲ್ಲಿನವರ ಮಾತಿಗೆ ಬಾಲದಂತೆ ಅಂಟುವ ‘ಲಾ’ ಸೇರಿಸಿ. “ಉಪವಾಸದಲ್ಲಿ ನನಗೆ ಮಧ್ಯಾಹ್ನ ಮಾಡಲು ಬೇರೆ ಏನಿದೆ? ಮಕಾನ್, ಊಟ, ಅದಂತೂ ಇಲ್ಲ. ನಿನ್ನ ಅಮ್ಮನಿಗೆ ಇದೇ ಹಬ್ಬ ಅಂತ ತಿಳಿ.” ಪರದೇಶ ಎಂಬ ಪದವನ್ನು ನಾನು ಆವತ್ತಿನಿಂದ ಸ್ವಲ್ಪ ಜೋಪಾನವಾಗಿ ಬಳಸುತ್ತೇನೆ.

ಧೃತಿಯ ಶಾಲೆಗೆ ಅರ್ಜಿಯನ್ನು ಅಮ್ಮನೇ ಬರೆದಳು. ರೂಲು ಹಾಳೆ, ಎಡಗಡೆ ಅಂಚು, ದುಂಡಗಿನ ಇಂಗ್ಲಿಷ್ ಅಕ್ಷರ. ಮೊಮ್ಮಗಳು ಹಿಮವನ್ನು ಪ್ರತ್ಯಕ್ಷ ಅಧ್ಯಯನ ಮಾಡಲಿದ್ದಾಳೆ ಎಂದೂ, ಬಂದ ಮೇಲೆ ತರಗತಿಗೆ ವರದಿ ಒಪ್ಪಿಸುತ್ತಾಳೆ ಎಂದೂ, ನಿವೃತ್ತ ಶಿಕ್ಷಕಿಯಾಗಿ ತಾನು ಇದಕ್ಕೆ ಜವಾಬ್ದಾರಳು ಎಂದೂ ಬರೆದು ಸಹಿ ಹಾಕಿದಳು. ಧೃತಿಯ ಟೀಚರ್ ಅದನ್ನು ಓದಿ ತಕ್ಷಣ ಒಪ್ಪಿದರಂತೆ. ವರದಿಯ ವಿಷಯ ತಿಳಿದ ಧೃತಿ ಮಾತ್ರ, “ಅಜ್ಜೀ, ವೈ ಲೈಕ್ ದಟ್!” ಎಂದು ಎರಡು ದಿನ ಮುನಿಸಿಕೊಂಡಳು.

ಹೊರಡುವ ಹಿಂದಿನ ದಿನ ಉಡುಪಿಯಿಂದ ಚಿಕ್ಕಮ್ಮ ಫೋನು ಮಾಡಿದಳು. ಅಷ್ಟಮಿಗೆ ಪ್ರಯಾಣವೆಂದು ಕೇಳಿ ಅವಳಿಗೆ ಎದೆ ಹೊಡೆದುಕೊಂಡಿತು. “ಅಷ್ಟಮಿ ನವಮಿಗೆ ಯಾರಾದ್ರೂ ಹೊರಡ್ತಾರಾ ಅಕ್ಕ? ದಶಮಿಗೆ ಹೋಗಬಾರ್ದಾ?”

“ನೀವೆಲ್ಲ ದಶಮಿಗೆ ಹೊರಡುದಕ್ಕೇ ಬಸ್ಸಲ್ಲಿ ನಿಲ್ಲಲಿಕ್ಕೆ ಜಾಗ ಇಲ್ಲದ್ದು” ಎಂದು ಅಮ್ಮ ಫೋನಿಟ್ಟಳು. ಇಟ್ಟ ಮೇಲೆ ದೇವರ ಮುಂದೆ ಒಂದು ನಿಮಿಷ ಹೆಚ್ಚಿಗೆ ಕೂತದ್ದನ್ನು ನಾನು ನೋಡಿದೆ. ನೋಡಿಲ್ಲ ಎಂಬಂತೆ ಇದ್ದೆ.

ವಿಮಾನ ನಿಲ್ದಾಣದಲ್ಲಿ ನನ್ನ ಕಣ್ಣೇ ನನಗೆ ನಂಬಲಾಗಲಿಲ್ಲ. ಹಗ್ಗ ಕಟ್ಟಿ ಮಾಡಿದ ಅಂಕುಡೊಂಕು ಸಾಲಿನಲ್ಲಿ ಒಬ್ಬರೂ ಇಲ್ಲ. ಖಾಲಿ ಸಾಲಿನಲ್ಲೂ ಶಿಸ್ತಾಗಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದ ನನ್ನನ್ನು ಸುಧೀರ ಹಗ್ಗದ ಕೆಳಗಿನಿಂದ ಎಳೆದುಕೊಂಡ. ವಿಮಾನದಲ್ಲಿ ಮೂರು ಸೀಟು ಖಾಲಿ ಸಿಕ್ಕಿ ಅಮ್ಮ ಕಾಲು ಚಾಚಿ ಮಲಗಿದಳು, ಮಂಗನ ಟೋಪಿ ಕೌಲಾಲಂಪುರದಲ್ಲೇ ಏರಿಯಾಗಿತ್ತು. ಗಗನಸಖಿ ಎರಡು ಸಲ ಬಂದು ಜ್ವರವೇ ಎಂದು ವಿಚಾರಿಸಿದಳು.

ಮರುದಿನ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಟ್ಯಾಕ್ಸಿ ಇಳಿದೆವು. ದೊಡ್ಡ ಹೆಸರಿನ ಗುಡ್ಡವಲ್ಲ, ಊರಿನ ಮಕ್ಕಳು ಕಲಿಯುವ ಸಣ್ಣ ಇಳಿಜಾರು. ಬೆಳ್ಳಗೆ, ಅಗಲವಾಗಿ, ನಿಶ್ಶಬ್ದವಾಗಿ ಬಿದ್ದುಕೊಂಡಿತ್ತು. ಲಿಫ್ಟಿನ ಕುರ್ಚಿಗಳು ಯಾರನ್ನೂ ಕೂರಿಸಿಕೊಳ್ಳದೆ ಮೇಲೆ ಹೋಗಿ ಕೆಳಗೆ ಬರುತ್ತಿದ್ದವು. ಅಮ್ಮ ನನ್ನ ತೋಳು ಹಿಡಿದು ಒಂದು ಹೆಜ್ಜೆ ಇಟ್ಟಳು. ಪಾದ ಕಣಕಾಲಿನವರೆಗೆ ಹೂತಿತು. ಇನ್ನೊಂದು ಇಟ್ಟಳು. ಆಮೇಲೆ ಕೈಗವಸು ತೆಗೆದು, ಬಗ್ಗಲಾಗದೆ ನನ್ನ ಕಡೆ ನೋಡಿದಳು. ನಾನು ಬೊಗಸೆ ತುಂಬ ಹಿಮ ಎತ್ತಿ ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಮೂಸಿ ನೋಡಿದಳು. “ಎಂತದೂ ವಾಸನೆ ಇಲ್ಲ” ಎಂದವಳ ಕಣ್ಣಲ್ಲಿ ನೀರು ಬಂತು. ನಾನೂ ಅತ್ತೆ. ಸಂತೋಷಕ್ಕೆ ಅಳುವುದೆಂದರೆ ಹೇಗೆಂದು ನನಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ.

ಇಷ್ಟಕ್ಕೇ ತೃಪ್ತಿಯಾಗಿದ್ದರೆ ಅವಳು ನನ್ನ ಅಮ್ಮನಲ್ಲ. ಸುಧೀರ ಮತ್ತು ಧೃತಿ ಸ್ಕೀ ಕಟ್ಟಿಕೊಂಡು ಕಲಿಯತೊಡಗಿದರು. ನಾನೂ ಕಟ್ಟಿಕೊಂಡೆ, ನಿಂತಲ್ಲೇ ಬಿದ್ದೆ, ಎದ್ದಲ್ಲೇ ಬಿದ್ದೆ, ಕೊನೆಗೆ ಬಿಚ್ಚಿಟ್ಟು ಬಂದೆ. ಅಷ್ಟರಲ್ಲಿ ಅಮ್ಮ ಬೆಂಚಿನ ಮೇಲೆ ಕೂತು ಅಲ್ಲಿ ಸ್ಕೀ ಕಲಿಸುವವರೊಬ್ಬರ ಜೊತೆ ಮಾತಿಗಿಳಿದಿದ್ದಳು. ಕೆಂಪು ಜಾಕೆಟಿನ, ಬಿಳಿ ಮೀಸೆಯ, ಅವಳದೇ ಪ್ರಾಯದ ಮನುಷ್ಯ. ಅವರಿಗೆ ನಾಲ್ಕು ಮಾತು ಇಂಗ್ಲಿಷ್ ಬರುತ್ತಿತ್ತು. ತಾನೂ ಟೀಚರ್ ಎಂದು ಅಮ್ಮ ಹೇಳಿದ ಕೂಡಲೇ ಅವರು ಎದ್ದು ಬಾಗಿ ನಮಸ್ಕರಿಸಿದರು. ಅಮ್ಮ ಅವರನ್ನು “ಮಾಷ್ಟ್ರು” ಎಂದು ಕರೆದಳು. ಅವರು ಅದಕ್ಕೆ ಓಗೊಟ್ಟರು.

ಮಾಷ್ಟ್ರು ಒಳಗೆ ಹೋಗಿ ಒಂದು ಕುರ್ಚಿ ತಂದರು. ಕೆಳಗೆ ಎರಡು ಸ್ಕೀ, ಬೆನ್ನಿಗೆ ಒರಗು, ಎದೆಗೆ ಪಟ್ಟಿ, ಹಿಂದೆ ಅವರು ಹಿಡಿದು ನಡೆಸಲು ಹಿಡಿಕೆ. ನಡೆಯಲಾಗದವರು ಕೂತು ಜಾರುವ ಕುರ್ಚಿ. ರಜೆಯ ದಿನಗಳಲ್ಲಿ ಗುಡ್ಡ ತುಂಬ ಜನ, ಆಗ ಇದನ್ನು ಹೊರಗೆ ತೆಗೆಯುವುದೇ ಇಲ್ಲ, ಇವತ್ತು ಗುಡ್ಡ ಖಾಲಿಯಾಗಿದೆ ಎಂದರು.

“ಬೇಡ ಅಮ್ಮಾ” ಎಂದೆ. ನನ್ನ ಕಣ್ಣ ಮುಂದೆ ಆ ಹಿಮಮನೆ, ಬಿಸಿನೀರಿನ ಚೀಲ ಎಲ್ಲ ಬಂದವು. “ನೋಡಿದ್ದಾಯ್ತಲ್ಲ, ಮುಟ್ಟಿದ್ದಾಯ್ತಲ್ಲ.”

“ಮೊಣಕಾಲಿಗೆ ಇದರಲ್ಲಿ ಕೆಲಸವೇ ಇಲ್ಲ ಅಲ್ದಾ? ಕೂತ್ಕೊಳ್ಳುದು. ಮೂವತ್ತು ವರ್ಷ ನಿಂತು ಪಾಠ ಮಾಡಿದ್ದೇನೆ, ಒಮ್ಮೆ ಕೂತು ಕಲಿತೇನೆ.”

ನಾನು ಕೊನೆಯ ಅಸ್ತ್ರವೆಂದು ಡಾಕ್ಟರ್ ಲಿಮ್ ಅವರಿಗೆ ವಿಡಿಯೋ ಕರೆ ಮಾಡಿ ಕುರ್ಚಿ ತೋರಿಸಿದೆ. ಅವರು ಎರಡು ಕ್ಷಣ ನೋಡಿದರು. “ಸಿಟ್ಟಿಂಗ್? ಸಿಟ್ಟಿಂಗ್, ಕ್ಯಾನ್” ಎಂದು ಕರೆ ಮುಗಿಸಿದರು.

“ಅತ್ತಿ, ನೀವು ಹೋಗ್ರಿ” ಎಂದು ಸುಧೀರ ಪಟ್ಟಿ ಬಿಗಿದ. ಮಾಷ್ಟ್ರು ಮತ್ತು ಅಮ್ಮ ಲಿಫ್ಟಿನಲ್ಲಿ ಮೇಲೆ ಹೋದರು. ಕೆಳಗಿನಿಂದ ನೋಡಿದರೆ ಬೆಳ್ಳನೆಯ ಗುಡ್ಡದ ನೆತ್ತಿಯಲ್ಲಿ ಒಂದು ಕೆಂಪು ಚುಕ್ಕೆ, ಅದರ ಮುಂದೆ ಒಂದು ಕಂದು ಚುಕ್ಕೆ. ಎಲ್ಲಾದರೂ ಬಿದ್ದರೆ ಹಿಡಿಯೋಣವೆಂದು ನಾನು ಇಳಿಜಾರಿನಲ್ಲಿ ಅರ್ಧ ದೂರ ಏದುಸಿರು ಬಿಡುತ್ತ ಹತ್ತಿ, ಎರಡೂ ಕೈ ಅಗಲಿಸಿ ನಿಂತೆ. ಪೆಥಾಲಜಿಯವಳ ಪ್ರಥಮ ಚಿಕಿತ್ಸೆ ಇಷ್ಟೇ.

ಚುಕ್ಕೆಗಳು ಚಲಿಸಿದವು. ಮೊದಲು ನಿಧಾನ, ಆಮೇಲೆ ನಿಧಾನವಲ್ಲ. ಎಡಕ್ಕೊಮ್ಮೆ ಬಾಗಿ, ಬಲಕ್ಕೊಮ್ಮೆ ಬಾಗಿ, ಎರಡೂ ಕಡೆ ಹಿಮದ ಪುಡಿ ಹಾರಿಸುತ್ತ ಕುರ್ಚಿ ಕೆಳಗಿಳಿಯಿತು. ಅದರ ಜೊತೆ ಒಂದು ದನಿಯೂ ಇಳಿಯಿತು. ಐವತ್ತು ಮಕ್ಕಳ ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟಿಸಿ ಪಳಗಿದ ದನಿ.

“ದಾರಿ ಬಿಡಿ! ದಾರಿ ಬಿಡೀ!”

ಕೆಳಗಿನಿಂದ ಧೃತಿ ಎರಡೂ ಕೈ ಮೇಲೆತ್ತಿ ಕುಣಿದಳು. “ಅಜ್ಜಿ ಬಂದ್ರು! ದಾರಿ ಬಿಡಿ!” ಎಂದು ಅವಳೂ ಕೂಗಿದಳು, ಪೂರಾ ಕನ್ನಡದಲ್ಲಿ. ಹಿಂದಿನಿಂದ ಮಾಷ್ಟ್ರು ಕೂಡ ಅದೇನೋ ಮಂತ್ರವಿರಬೇಕೆಂದು ಭಾವಿಸಿ “ದಾರಿ ಬಿದಿ! ದಾರಿ ಬಿದಿ!” ಎಂದು ದನಿಗೂಡಿಸಿದರು.

ನಾನು ಸುತ್ತ ನೋಡಿದೆ. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಯಾರೂ ಇಲ್ಲ, ಮೇಲೆ ಖಾಲಿ ಕುರ್ಚಿಗಳು ಹೋಗುತ್ತಿದ್ದವು, ಕೆಳಗೆ ನಮ್ಮ ಮನೆಯವರು ಮಾತ್ರ. ಅಷ್ಟು ದೊಡ್ಡ ಗುಡ್ಡದಲ್ಲಿ ಅಮ್ಮನಿಗೆ ಅಡ್ಡ ನಿಂತಿದ್ದವಳು ನಾನೊಬ್ಬಳೇ. ಅಗಲಿಸಿದ್ದ ಕೈಗಳನ್ನು ಇಳಿಸಿ ಪಕ್ಕಕ್ಕೆ ಸರಿದೆ.